ರೊಟ್ಟಿ ಬಡಿಯುವ ಕೈ, ಬ್ರೇಕು ಹಿಡಿಯುವ ಕೈ

ಮಣಿಕಟ್ಟು ನೋಯುತ್ತಿದೆ ಎಂದು ಬಳ್ಳಾರಿಯಲ್ಲಿ ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟ ಮರುಗಳಿಗೆಯೇ ಎದುರಿಗಿದ್ದವರು ಡಾಕ್ಟರಾಗಿಬಿಡುತ್ತಾರೆ. ಗಾಂಧಿನಗರದ ನಮ್ಮ ಬೀದಿಯಲ್ಲಿ ಒಬ್ಬರು ಎಳ್ಳೆಣ್ಣೆ ಕಾಯಿಸಿ ಹಚ್ಚು ಎಂದರು, ಇನ್ನೊಬ್ಬರು ಐಸು ಇಡು ಎಂದರು, ನಾನು ಪಾಠ ಮಾಡುವ ಹೈಸ್ಕೂಲಿನ ಹಿಂದಿ ಟೀಚರು ಎಲ್ಲಿಂದಲೋ ತಾಮ್ರದ ಕಡಗ ತಂದು ತೊಡಿಸಿಯೇ ಬಿಟ್ಟರು. ಎಲ್ಲವನ್ನೂ ಮಾಡಿದೆ. ಕೈಯಿಂದ ಎಣ್ಣೆಯ ಕಮಟು ಬರತೊಡಗಿತೇ ಹೊರತು ನೋವು ಹೋಗಲಿಲ್ಲ. ಕೊನೆಗೆ ಎಲ್ಲರದೂ ಒಂದೇ ರಾಗ: "ಆ ಸೈಕಲ್ ಬಿಡ್ರಿ ಮೇಡಂ, ತಾನ ಕಡಿಮಿ ಆಗತೈತಿ."

ಸೈಕಲ್ ಬಿಡುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಕೇಳುತ್ತಿದ್ದೆ.

ಸಿರುಗುಪ್ಪಕ್ಕೆ ಕೊಟ್ಟ ನನ್ನ ತಂಗಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಅಲ್ಲಿ ಡಯಾಲಿಸಿಸ್ ಯಂತ್ರಗಳು ಇಲ್ಲವೆಂದಲ್ಲ, ಆದರೆ ಇವಳ ಸರದಿ ಬಂದಿಲ್ಲ. ಹಾಗಾಗಿ ವಾರದಲ್ಲಿ ಮೂರು ಸಲ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತಾಳೆ. ರಕ್ತ ಸೋಸಿದ ಮೇಲೆ ಅದೇ ಬಸ್ಸಿನ ಕಿಟಕಿಗೆ ತಲೆಯಾನಿಸಿ ಹೋಗುತ್ತಾಳೆ. ಅಲ್ಲಿಗೆ ಇನ್ನೊಂದು ಯಂತ್ರ ಕೊಡಿಸಬೇಕೆಂದು ಊರಿನ ಕೆಲವರು ಸೇರಿ ಸೈಕಲ್ ಯಾತ್ರೆ ಹಮ್ಮಿಕೊಂಡರು. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಸಿರುಗುಪ್ಪ. ಸುದ್ದಿ ಕಿವಿಗೆ ಬಿದ್ದ ದಿನವೇ ಹೆಸರು ಕೊಟ್ಟೆ. "ನಿಮ್ಮೂರಿಗೆ ಸೈಕಲ್ ಮ್ಯಾಲೆ ಬರ್ತೀನಿ ನೋಡು" ಎಂದು ತಂಗಿಗೆ ಫೋನು ಮಾಡಿದರೆ ಅವಳು ಬಿದ್ದು ಬಿದ್ದು ನಕ್ಕಳು. ಆ ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಐವತ್ತು ದಾಟಿದ ಹೆಂಗಸಿಗೆ ಸೈಕಲ್ ಹತ್ತಲು ಅಷ್ಟು ಕಾರಣ ಸಾಕು.

ಅತ್ತೆಯವರಿಗೆ ಸಾಕಾಗಲಿಲ್ಲ. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದರು. ನಮ್ಮ ಅತ್ತೆಯವರು ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೇ ಹೇಳುತ್ತಾರೆ.

ನಸುಕಿಗೆ ಎದ್ದು, ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಆಮೇಲೆ ಸೈಕಲ್ ಹೊರಗೆ ತೆಗೆಯುತ್ತಿದ್ದೆ. ಕುಡತಿನಿ ಕಡೆಯ ರಸ್ತೆಯಲ್ಲಿ ಲಾರಿಗಳ ಧೂಳು ಕುಡಿಯುತ್ತ ಒಂದಷ್ಟು ದೂರ ಹೋಗಿ ತಿರುಗುವುದು. ಕಾಲಿಗೆ ಏನೂ ಆಗಲಿಲ್ಲ, ಉಸಿರೂ ಪಳಗಿತು. ಕೆಟ್ಟದ್ದು ಬಲಗೈ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಯಾರೋ ದಬ್ಬಣ ಆಡಿಸಿದಂತೆ ನೋವು. ಒಂದೊಂದು ತಗ್ಗಿಗೂ ಅಯ್ಯೋ ಎನ್ನುವುದು, ಬ್ರೇಕು ಹಿಡಿದಾಗಲೆಲ್ಲ ಹಲ್ಲು ಕಚ್ಚುವುದು. ರಸ್ತೆ ಸರಿಯಿಲ್ಲ ಎಂದು ಮನೆಗೆ ಬಂದು ಬೈದರೆ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ" ಎಂದರು. ಹ್ಯಾಂಡಲ್ ಎತ್ತರಿಸಿದೆ. ಸೀಟು ಇಳಿಸಿದೆ. ಮೆತ್ತನೆಯ ಗ್ಲೌಸು ತಂದೆ. ನೋವು ಇದ್ದಲ್ಲೇ ಇತ್ತು, ನಾನು ಮಾತ್ರ ದಿನಕ್ಕೊಂದು ಸಲ ಯಾರ ಮೇಲಾದರೂ ಹರಿಹಾಯುತ್ತಿದ್ದೆ.

ಕೊನೆಗೆ ಗಂಡನನ್ನು ಕರೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಮುಷ್ಟಿಯನ್ನು ಪಕ್ಕಕ್ಕೆ ಬಗ್ಗಿಸಿದರು. ನಾನು ಕೂಗಿದ್ದು ಹೊರಗೆ ಕೂತವರಿಗೂ ಕೇಳಿಸಿರಬೇಕು. ಹೆಬ್ಬೆರಳಿನ ಸ್ನಾಯುವಿನ ಗವಸು ಬಾತಿದೆ, ಕೈಯಿಂದ ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ, "ಬೋರ್ಡಿನ ಮ್ಯಾಲೆ ಬರೀತಾರ್ರಿ ಸರ್. ಈಗ ಸೈಕಲ್ ಒಂದು ಶುರು ಮಾಡ್ಯಾರ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಡಾಕ್ಟರು ಮಣಿಕಟ್ಟಿಗೆ ಕಟ್ಟಲು ಪಟ್ಟಿ ಕೊಟ್ಟು ಸೈಕಲ್ ಬಿಡಿ ಎಂದರು. ಗೆದ್ದವರ ಹಾಗೆ ಗಂಡ ಸ್ಕೂಟರ್ ಚಾಲೂ ಮಾಡಿದರು.

ಆ ವಾರ ತಂಗಿ ಡಯಾಲಿಸಿಸ್‌ಗೆ ಬಂದಾಗ ಶಾಲೆ ಮುಗಿಸಿ ಅವಳ ಹತ್ತಿರ ಹೋಗಿ ಕೂತೆ. ಎಡಗೈಯ ರಕ್ತನಾಳ ಕೂಡಿಸಿ ಹೊಲಿದ ಜಾಗಕ್ಕೆ ಎರಡು ಸೂಜಿ ಚುಚ್ಚಿಸಿಕೊಂಡು ಅವಳು ಅಲ್ಲಾಡದೆ ಮಲಗಿದ್ದಳು. ಅಂಥವಳ ಮುಂದೆ ಕೂತು ನನ್ನ ಮಣಿಕಟ್ಟಿನ ಪುರಾಣ ಬಿಚ್ಚಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಅಷ್ಟಿತ್ತು.

ಎಲ್ಲ ಕೇಳಿ ಅವಳು, "ಮನ್ಯಾಗ ರೊಟ್ಟಿ ಯಾರು ಬಡಿತಾರಕ್ಕಾ?" ಎಂದಳು.

"ಯಾರು ಬಡಿತಾರ? ನಾನ."

"ಡಾಕ್ಟ್ರಿಗೆ ಹೇಳಿದ್ಯಾ?"

"ಅದನ್ನೇನು ಹೇಳಾದು?"

ಹೇಳಿ ಮುಗಿಸುವ ಹೊತ್ತಿಗೆ ನನಗೇ ತಿಳಿಯಿತು. ಬಿಸಿನೀರು ಹಾಕಿದ ಜೋಳದ ಹಿಟ್ಟನ್ನು ಅಂಗೈಯ ಬುಡದಿಂದ ನಾದುವುದು, ಆಮೇಲೆ ತಿರುಗಿಸುತ್ತ ತಿರುಗಿಸುತ್ತ ಬಡಿಯುವುದು. ಮದುವೆಯಾದಾಗಿನಿಂದ ದಿನಾ ಮಾಡುತ್ತಿದ್ದೇನೆ. ಅದು ಕೆಲಸವೆಂದು ನನ್ನ ಗಂಡನಿಗೆ ಅನ್ನಿಸಿರಲಿಲ್ಲ, ಹೋಗಲಿ; ನನಗಾದರೂ ಅನ್ನಿಸಬೇಡವೇ? ಮುಖ ತೊಳೆಯುವುದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲವಲ್ಲ, ಹಾಗೆ ಬಿಟ್ಟಿದ್ದೆ.

"ನನಗ ಈ ಕೈ ಮ್ಯಾಲೆ ಭಾರ ಹಾಕಬ್ಯಾಡ ಅಂದಾರ," ಎಂದಳು ತಂಗಿ. "ಅವತ್ತ ನಿಂತವು ನೋಡು ನಮ್ಮನಿ ರೊಟ್ಟಿ. ನಮ್ಮನಿಯವ್ರೇ ಅನ್ನಕ್ಕ ಇಡತಾರ, ಅವ್ರೇ ಸಾರು ಮಾಡತಾರ. ಯಾರೂ ಸತ್ತಿಲ್ಲ."

ಅಂದು ಸಂಜೆಯೇ ಮನೆಯಲ್ಲಿ ಘೋಷಿಸಿದೆ. ಯಾತ್ರೆ ಮುಗಿಯುವವರೆಗೆ ರೊಟ್ಟಿ ಇಲ್ಲ, ಅನ್ನ ಸಾರು ಮಾತ್ರ. ಗಂಡ ಆಗಲಿ ಎಂದರು. ಅತ್ತೆಯವರು ಗೋಡೆಗೂ ಏನೂ ಹೇಳಲಿಲ್ಲ. ಆ ಕೆಲವು ದಿನಗಳಲ್ಲಿ ಕೈ ಹಗುರಾಯಿತು. ಭಾನುವಾರ ಕುರುಗೋಡಿಗೆ ಹೋಗಿ ಬಂದೆ. ಬಂಡೆಗುಡ್ಡದ ಕೆಳಗೆ ಚಹಾ ಕುಡಿದು, ಎರಡು ಬೆರಳಲ್ಲಿ ಬ್ರೇಕು ಹಿಡಿದು ಇಳಿಜಾರಿನಲ್ಲಿ ಜುಮ್ಮೆಂದು ಬರುವಾಗ ಗಟ್ಟಿಯಾಗಿ ಹಾಡಿಕೊಂಡೆ ಕೂಡ. ಇಷ್ಟೇ ತಾನೇ ಇದ್ದದ್ದು ಎಂದು ಖುಷಿಗಿಂತ ಹೆಚ್ಚು ರೇಗಿತು.

ಮನೆಯಲ್ಲಿ ಅತ್ತೆಯವರು ಅನ್ನ ಕೆದಕುತ್ತ, "ಎಷ್ಟು ತಿಂದ್ರೂ ಉಂಡಂಗ ಆಗವಲ್ದು" ಎನ್ನತೊಡಗಿದ್ದರು. ಗಂಡ ರೊಟ್ಟಿ ಮಾರುವವರ ಹತ್ತಿರ ಕೊಂಡು ತಂದರು. ಅತ್ತೆಯವರು ಅರ್ಧ ತಿಂದು ಉಳಿದರ್ಧವನ್ನು ತಟ್ಟೆಯ ಅಂಚಿಗೆ ಸರಿಸಿ ಕೈತೊಳೆದರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಗೆಲ್ಲುತ್ತಿದ್ದೆ. ಆ ಅರ್ಧ ರೊಟ್ಟಿಯ ಜೊತೆ ಜಗಳವಾಡುವುದು ಹೇಗೆ? ಮಾರನೆಯ ಬೆಳಿಗ್ಗೆ ನಾನೇ ಎದ್ದು ಹಂಚು ಕಾಯಲಿಟ್ಟೆ. ಯಾರೂ ಇಡು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಬ್ಬಣ ಮತ್ತೆ ಶುರುವಾಯಿತು.

ಯಾತ್ರೆಗೆ ಇನ್ನೇನು ಎರಡು ದಿನವಿದೆ ಎನ್ನುವಾಗ ಸಂಘಟಕರ ಫೋನು ಬಂತು.

"ಮೇಡಂ, ಸಿರುಗುಪ್ಪದಾಗ ಎಲ್ಲಾರಿಗೂ ಊಟ ಇಟ್ಟೀವ್ರಿ. ಗಂಡಸ್ರು ನೀರು, ಬಾಳೆಹಣ್ಣು, ವ್ಯಾನು ನೋಡಿಕೊಳ್ತಾರ. ಲೇಡೀಸು ಮನಿಗೊಂದು ಬುಟ್ಟಿ ರೊಟ್ಟಿ ಕೊಟ್ಟುಬಿಟ್ರ ಮುಗೀತು."

"ನಾನೂ ಸೈಕಲ್ ಹೊಡಿಯಾಕಿ ಅದೀನಲ್ರಿ?"

"ಗೊತ್ತೈತ್ರಿ ಮೇಡಂ. ಹಿಂದಿನ ದಿನಾನ ಬಡಿದಿಡ್ರಿ. ಖಡಕ್ ರೊಟ್ಟಿ ಏನು ಕೆಡತಾವೇನ್ರಿ?"

ರೊಟ್ಟಿ ಕೆಡುವುದಿಲ್ಲ, ನಿಜ. ಬಡಿಯುವ ಕೈ ಕೆಡುತ್ತದೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ನನ್ನ ಬಾಯಿ "ಆತು ಬಿಡ್ರಿ" ಎಂದಾಗಿತ್ತು. ಧರ್ಮದ ಕೆಲಸಕ್ಕೆ ರೊಟ್ಟಿ ಇಲ್ಲ ಎನ್ನುವ ಹೆಣ್ಣು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಕೊಂಡು ತಂದ ರೊಟ್ಟಿಯನ್ನು ಬುಟ್ಟಿಗೆ ಹಾಕುವ ಧೈರ್ಯವೂ ಬರಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಕೂತು, ಎಳ್ಳು ಹಚ್ಚಿ, ಪಟ್ಟಿ ಕಟ್ಟಿದ ಕೈಯಲ್ಲೇ ಬಡಿದೆ. ನಾನೇನಾದರೂ ಮಾಡಲೇ ಎಂದು ಗಂಡ ಕೇಳಿದರು. ಆಮೇಲೆ ಹೋಗಿ ಬುಟ್ಟಿ ತಂದುಕೊಟ್ಟರು. ಒಳ್ಳೆಯ ಬುಟ್ಟಿ.

ಬೆಳಿಗ್ಗೆ ಹೊರಡುವಾಗಲೇ ಹೆಬ್ಬೆರಳು ಮಡಿಸಲು ಬರುತ್ತಿರಲಿಲ್ಲ. ಆದರೂ ಹತ್ತಿದೆ. ಎಲ್ಲರಿಗಿಂತ ಹಿಂದೆ, ಹೆಚ್ಚು ಕಡಿಮೆ ಎಡಗೈ ಒಂದರ ಮೇಲೇ ಭಾರ ಬಿಟ್ಟುಕೊಂಡು ತುಳಿದೆ. ಸುಗ್ಗಿಯ ದಿನಗಳು. ಕುರುಗೋಡು ಹತ್ತಿರವಾದಂತೆ ಅರ್ಧ ರಸ್ತೆಯ ತುಂಬ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಉಳಿದರ್ಧದಲ್ಲಿ ಎದುರಿಗೊಂದು ಟ್ರ್ಯಾಕ್ಟರ್ ಬಂತು. ಬ್ರೇಕು ಹಿಡಿದೆ ಅಂದುಕೊಂಡೆ. ಬೆರಳು ಲೀವರಿನ ಮೇಲಿತ್ತು, ಒತ್ತಲು ಆಗಲಿಲ್ಲ. ಸೈಕಲ್ ಸಮೇತ ಭತ್ತದೊಳಗೆ ಹೋಗಿ ಬಿದ್ದೆ. ಭತ್ತ ಕಾಯುತ್ತಿದ್ದ ಹೆಂಗಸು ಬೈಯಲು ಬಾಯಿ ತೆರೆದವಳು ನನ್ನ ಮುಖ ನೋಡಿ, "ಅಯ್ಯ ಯವ್ವಾ, ಪೆಟ್ಟಾತೇನು?" ಎಂದು ಎಬ್ಬಿಸಿದಳು. ಪೆಟ್ಟು ಎಲ್ಲೂ ಆಗಿರಲಿಲ್ಲ. ಅದಕ್ಕೇ ಅಳು ಬಂತು.

ಸಂಘಟಕರು ನನ್ನ ಸೈಕಲ್ ಎತ್ತಿ ಹಿಂದೆ ಬರುತ್ತಿದ್ದ ವ್ಯಾನಿನೊಳಗೆ ಹಾಕಿದರು. ಅದು ಊಟದ ವ್ಯಾನು. ಕುರುಗೋಡಿನಿಂದ ಸಿರುಗುಪ್ಪದವರೆಗೆ ನನ್ನದೇ ರೊಟ್ಟಿಬುಟ್ಟಿಯ ಪಕ್ಕ ಕೂತು ಹೋದೆ. ದಾರಿಯಲ್ಲಿ ತುಳಿಯುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ಹಾಕಿದೆವು. ಅವರು ಕೈ ಬೀಸಿದರು, ನಾನು ಮುಖ ಒಳಗೆ ಎಳೆದುಕೊಂಡೆ. ಊಟದ ಹೊತ್ತಿಗೆ ಸಂಘಟಕರು ರೊಟ್ಟಿ ಮುರಿಯುತ್ತ, "ಯಾರು ಬಡಿದದ್ದ್ರಿ ಇವು? ಈ ಕೈಗೆ ಬಂಗಾರದ ಬಳಿ ಹಾಕಬೇಕು" ಎಂದರು. ಎದ್ದು ಹೊರಗೆ ಬಂದೆ.

ತಂಗಿಯ ಮನೆ ಅಲ್ಲಿಂದ ನಡೆಯುವಷ್ಟು ದೂರ. ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತಿದ್ದಳಂತೆ, ಹೊಸ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ರಸ್ತೆ ನೋಡಿದಳು.

"ಸೈಕಲ್ ಎಲ್ಲೈತಕ್ಕಾ?"

"ವ್ಯಾನಿನಾಗ."

"ನೀ?"

"ನಾನೂ ವ್ಯಾನಿನಾಗ. ರೊಟ್ಟಿ ಜೊತಿ."

ಅವಳು ನಗಲಿಲ್ಲ. ಬಾತ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದಳು. ಪಟ್ಟಿಯ ಎಳೆಗಳಲ್ಲಿ ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆಯುತ್ತ ಮೆಲ್ಲಗೆ ಕೇಳಿದಳು:

"ನನ್ನ ಕೈಲೆ ರೊಟ್ಟಿ ಬಿಡಿಸಾಕ ಎರಡು ಕಿಡ್ನಿ ಹೋಗಬೇಕಾತು. ನಿಂದು ಏನು ಹೋಗಲಿ ಅಂತ ಕುಂತೀಯಕ್ಕಾ?"