ಕಪ್ಪೆಯ ಪಾಪಕ್ಕೆ ಓಗೊಟ್ಟವರು

ಸಾರ್ ಅವರ ಬಲಗೈ ಬೆರಳುಗಳ ತುದಿ ಬಿಳಿಚಿಕೊಂಡು, ಒಣಗಿದ ತೊಗಟೆಯ ಹಾಗೆ ಸೀಳುಬಿಟ್ಟಿರುತ್ತಿತ್ತು. ವರ್ಷಗಟ್ಟಲೆ, ಸತ್ತ ಪ್ರಾಣಿ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಅದ್ದಿದ ಕೈ. ಊಟಿಯ ಚಳಿಗೆ ಚರ್ಮ ಇನ್ನಷ್ಟು ಬಿರಿದು ರಕ್ತ ಜಿನುಗುತ್ತಿತ್ತು. ವ್ಯಾಸಲೀನ್ ಸವರಿಕೊಂಡು ಸೀಮೆಸುಣ್ಣ ಹಿಡಿಯುತ್ತಿದ್ದರು. ತಿಂಗಳಿಗೊಂದು ಭಾನುವಾರ ಅದೇ ಕೈಯಲ್ಲಿ ಸತ್ಯವೇದ ಹಿಡಿದು ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದರು. ಅವರೇನು ಪಾದ್ರಿಯಲ್ಲ. ಲವ್‌ಡೇಲ್ ಕಡೆಯ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು.

ಅವರ ತಂದೆ ಈ ಬೆಟ್ಟಗಳ ಬಡಗ ಜನರ ಹಟ್ಟಿಯನ್ನು ಬಿಟ್ಟು ಕ್ರೈಸ್ತರಾದವರು. ಅಣ್ಣ ಮಾತ್ರ ಅಜ್ಜನ ಜೊತೆ ಹಟ್ಟಿಯಲ್ಲೇ, ಹಳೆಯ ದೇವರ ನೆರಳಲ್ಲೇ ಉಳಿದರು. ಅಣ್ಣತಮ್ಮಂದಿರ ನಡುವೆ ಒಂದು ಟೀ ತೋಟದ ಇಳಿಜಾರಷ್ಟೇ ದೂರ. ಸಾರ್ ಮನೆಯಲ್ಲಿ ಬಡಗ, ಬೀದಿಯಲ್ಲಿ ತಮಿಳು, ನನ್ನೊಡನೆ ಮೊದಮೊದಲು ಪುಸ್ತಕದಿಂದ ಇಳಿದು ಬಂದಂಥ ಕನ್ನಡ ಮಾತಾಡುತ್ತಿದ್ದರು. ನಾವು ಗುಂಡ್ಲುಪೇಟೆ ಕಡೆಯಿಂದ ಬಂದು ದಿನಸಿ ಅಂಗಡಿ ಇಟ್ಟವರು. ನನ್ನ ಕನ್ನಡ ಕೇಳಿ, "ನಿನ್ನದು ಸಂತೆ ಕನ್ನಡ, ನನ್ನದು ಪೆಟ್ಟಿಗೆಯಲ್ಲಿಟ್ಟ ಕನ್ನಡ. ಎರಡೂ ಸೇರಿದರೆ ಊಟಕ್ಕಾದೀತು" ಎಂದು ಕೀಟಲೆ ಮಾಡುತ್ತಿದ್ದರು.

ನನ್ನ ಬಾಯಿ ಆಗಲೇ ಜೋರು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ: "ಸಾರ್, ಜೀವ ಹುಟ್ಟೋಕೆ ಕೋಟಿಗಟ್ಟಲೆ ವರ್ಷ ಹಿಡೀತು ಅಂತ ಇಲ್ಲಿ ಹೇಳ್ತೀರಿ. ಚರ್ಚಲ್ಲಿ ದೇವರು ಮಾಡಿದ ಅಂತೀರಿ. ಯಾವುದು ಸುಳ್ಳು?"

ಸಾರ್ ನಕ್ಕರು. "ನಮ್ಮೂರಲ್ಲಿ ಅನ್ನ ಬೇಯೋದು ಯಾಕೆ ತಡ?"

"ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ ಸಾರ್. ನೀರು ಕಮ್ಮಿ ಬಿಸಿಗೇ ಕುದಿಯುತ್ತೆ."

"ಸರಿ. ಅದನ್ನ ತಿಳ್ಕೊಂಡ ಮೇಲೆ, ಅಡುಗೆ ಮಾಡಿದ ನಿಮ್ಮಮ್ಮ ಇಲ್ಲ ಅಂತಾಯ್ತಾ?"

ನಾನು ಬಿಡಲಿಲ್ಲ. "ಅಮ್ಮ ಕಣ್ಣಿಗೆ ಕಾಣ್ತಾರೆ ಸಾರ್."

ಅವರು ಸೀಮೆಸುಣ್ಣ ಕೆಳಗಿಟ್ಟು, "ಅದೇ ನನ್ನ ಕಷ್ಟ ಕೂಡ, ಕೂತ್ಕೋ ತಾಯಿ" ಎಂದರು. ಗೆದ್ದೆನೆಂದು ಬೀಗಿದೆ. ಆದರೆ ತನಗೆ ತಿಳಿಯದ್ದನ್ನು ಮಕ್ಕಳ ಮುಂದೆ ತಿಳಿಯದು ಎಂದು ಒಪ್ಪಿದ ದೊಡ್ಡವರನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತೇ ನಾನೂ ಜೀವಶಾಸ್ತ್ರವನ್ನೇ ಓದಬೇಕೆಂದುಕೊಂಡೆ.

ಆಗಿನ್ನೂ ಕಪ್ಪೆ ಕೊಯ್ಯುವ ಪಾಠವಿತ್ತು. ಮದ್ದಿನಿಂದ ಮೂರ್ಛೆ ಹೋದ ಕಪ್ಪೆಯ ಎದೆ ಬಿಡಿಸಿದ ಮೇಲೂ ಅದರ ಪುಟ್ಟ ಗುಂಡಿಗೆ ಬಡಿಯುತ್ತಿರುತ್ತದೆ. ಅದು ತಾನಾಗಿ ನಿಲ್ಲುವವರೆಗೆ ಯಾರೂ ಮಾತಾಡಕೂಡದು, ಇದು ಸಾರ್ ಕಟ್ಟಳೆ. ಬೇರೆ ಮೇಷ್ಟ್ರುಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ಕಪ್ಪೆಗೂ ಪ್ರಾರ್ಥನೆ ಮಾಡಿಸುತ್ತಾನೆ ಎಂದು. ಸಾರ್ ಕಥೆ ಕಾದಂಬರಿಗಳನ್ನೂ ಬೇಕಾದಷ್ಟು ಓದುತ್ತಿದ್ದರು. "ಕಥೆ ಓದದೋನು ಪ್ರಸಂಗ ಮಾಡಬಾರದು. ಇನ್ನೊಬ್ಬರ ಹೊಟ್ಟೆ ಸಂಕಟ ಅವನಿಗೆ ಗೊತ್ತಾಗಲ್ಲ" ಎನ್ನುವುದು ಅವರ ಮಾತು. ಪ್ರಸಂಗವೆಂದರೆ ಅವರಿಗೆ ಪ್ರಾಣ. ವಾರಗಟ್ಟಲೆ ಅದನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತ ಟೀ ಗಿಡಗಳ ನಡುವೆ ಒಬ್ಬರೇ ಮಾತಾಡಿಕೊಂಡು ನಡೆಯುತ್ತಿದ್ದರು. ನಾನು ಹಿಂದೂ ಮನೆಯವಳು, ದೇವರನ್ನು ಅಷ್ಟಾಗಿ ನಂಬದವಳು. ಆದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಬರುತ್ತಿದ್ದೆ.

ನಾನು ಅದೇ ಶಾಲೆಗೆ ಟೀಚರಾಗಿ ಸೇರಿದ ಮೇಲೆ, ಸಾರ್ ನಿವೃತ್ತರಾಗಿದ್ದಾಗ, ಅವರ ಅಣ್ಣ ತೀರಿಕೊಂಡರು. ನಾನೂ ಜೊತೆಗೆ ಹಟ್ಟಿಗೆ ಹೋದೆ. ಬಡಗರಲ್ಲಿ ಒಂದು ಪದ್ಧತಿಯಿದೆ. ಹೆಣ ಎತ್ತುವ ಮೊದಲು ಹಿರಿಯನೊಬ್ಬ ತಲೆಯ ಬಳಿ ನಿಂತು, ಸತ್ತವನೂ ಅವನ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ನೆರೆದವರೆಲ್ಲ ಪ್ರತಿಯೊಂದಕ್ಕೂ "ಪಾಪ" ಎಂದು ಓಗೊಡುತ್ತಾರೆ. ಹಾಗೆ ಎಲ್ಲರ ಬಾಯಲ್ಲಿ ಹೇಳಿಸಿಕೊಂಡ ಮೇಲೆ ಸತ್ತವನು ಹಗುರಾಗಿ ಹೋಗುತ್ತಾನೆಂದು ನಂಬಿಕೆ. ಕ್ರೈಸ್ತರಾದವರು ಬಂದರೂ ಆ ಹೊತ್ತಿಗೆ ದೂರ ಸರಿದು ನಿಲ್ಲುತ್ತಾರೆ. ಸಾರ್ ಸರಿಯಲಿಲ್ಲ. ಅಣ್ಣನ ಕಾಲ ಬಳಿಯೇ ನಿಂತರು.

ಗಡಿಯ ಕಲ್ಲು ಸರಿಸಿದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದು, ಹೀಗೆ ಸಾಗುತ್ತಿತ್ತು. ಸಾರ್ ತುಟಿ ಬಿಗಿದು ಕೇಳುತ್ತಿದ್ದರು. ಹಿರಿಯ ಹಾವು ಕೊಂದ ಪಾಪ ಹೇಳಿದ, ಹಲ್ಲಿ ಕೊಂದ ಪಾಪ ಹೇಳಿದ. ಯಾರಿಗೂ ಕೇಡು ಮಾಡದ ಕಪ್ಪೆಯನ್ನು ಕೊಂದದ್ದು ಎಂದ.

"ಪಾಪ!" ಎಲ್ಲರಿಗಿಂತ ಜೋರಾಗಿ ಬಂದದ್ದು ಸಾರ್ ದನಿ. ಅಷ್ಟು ಹೇಳಿ ಅಣ್ಣನ ಪಾದ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತರು.

ವಾಪಸ್ಸು ಬರುವಾಗ ಅವರೇ ಬಾಯಿಬಿಟ್ಟರು. "ವಿಜ್ಞಾನ ನನಗೆ ಕಪ್ಪೆಯ ಗುಂಡಿಗೆ ತೋರಿಸ್ತು ತಾಯಿ, ಅದು ಪಾಪ ಅಂತ ಹೇಳಲಿಲ್ಲ. ಸತ್ಯವೇದ ಪಾಪ ಅಂದರೇನು ಅಂತ ಕಲಿಸ್ತು, ಅದರಲ್ಲಿ ನಾನು ಕೊಯ್ದ ಕಪ್ಪೆಯ ಲೆಕ್ಕ ನನಗೆ ಸಿಕ್ಕಲಿಲ್ಲ. ಅದನ್ನ ಹೇಳೋಕೆ ನನ್ನ ಅಜ್ಜಂದಿರ ಮಾತೇ ಬೇಕಾಯ್ತು. ಕ್ಷಮಿಸೋನು ನನ್ನ ಕರ್ತನೇ. ಆದರೆ ಏನನ್ನ ಕ್ಷಮಿಸು ಅಂತ ಕೇಳಬೇಕು ಅನ್ನೋದು ಗೊತ್ತಾಗಬೇಕಲ್ಲ?"

ಸುದ್ದಿ ಅವರಿಗಿಂತ ಮೊದಲೇ ಚರ್ಚು ಮುಟ್ಟಿತ್ತು. ಚರ್ಚಿನ ಸಭೆಯ ಹಿರಿಯರೊಬ್ಬರು, ಅವರೂ ಬಡಗರೇ, ಸಾರ್ ಮನೆಗೇ ಬಂದರು. "ಅಲ್ಲಿ ಓಗೊಟ್ಟಿದ್ದು ತಪ್ಪಾಯ್ತು ಅಂತ ಸಭೆ ಮುಂದೆ ಒಂದು ಮಾತು ಹೇಳಿಬಿಡಿ ಸಾರ್. ಮುಂದಿನ ತಿಂಗಳು ನಿಮ್ಮದೇ ಪ್ರಸಂಗ."

ಸಾರ್ ತಲೆ ಅಲ್ಲಾಡಿಸಿದರು. "ಅಣ್ಣನ ಹೆಣದ ಮುಂದೆ ನಿಜ ಹೇಳಿದೀನಿ. ಅದು ಸುಳ್ಳು ಅಂತ ದೇವರ ಮುಂದೆ ಹೇಗೆ ಹೇಳಲಿ?"

ಅಲ್ಲಿಗೆ ಪ್ರಸಂಗ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಬೇರೆ ಚರ್ಚಿಗೆ ಹೋಗಿ ಸಾರ್, ಕರೆದು ಕೂರಿಸ್ತಾರೆ" ಎಂದೆ. "ಮನೆಯವರ ಮೇಲೆ ಮುನಿಸ್ಕೊಂಡು ಪಕ್ಕದ ಮನೆಯಲ್ಲಿ ಉಣ್ಣೋಕಾಗುತ್ತಾ?" ಎಂದುಬಿಟ್ಟರು. ಪ್ರತಿ ಭಾನುವಾರ ಹೋಗಿ ನನ್ನ ಪಕ್ಕ, ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದರು. ಬೇರೆಯವರ ಪ್ರಸಂಗ ನಡೆಯುವಾಗ ಅವರ ತುಟಿ ಸುಮ್ಮನೆ ಅಲ್ಲಾಡುತ್ತಿತ್ತು. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಟೀ ಗಿಡಗಳ ನಡುವೆ ಮಾತಾಡಿಕೊಂಡು ನಡೆಯುವುದೂ ನಿಂತುಹೋಯಿತು. ಮನುಷ್ಯ ಕಣ್ಣೆದುರೇ ಸೊರಗಿದರು.

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹೋಗಿಬಿಟ್ಟರು. ಚರ್ಚಿನ ಸಮಾಧಿ ತೋಟದಲ್ಲಿ ಒಬ್ಬರಾದ ಮೇಲೊಬ್ಬರು ಹೊಗಳಿದ್ದೇ ಹೊಗಳಿದ್ದು. ಎಂಥ ಜ್ಞಾನಿ, ಎಂಥ ವಾಗ್ಮಿ! ಕೇಳುತ್ತ ನಾನು ಹಲ್ಲು ಕಡಿಯುತ್ತಿದ್ದೆ. ಹಟ್ಟಿಯವರೂ ಬಂದಿದ್ದರು, ಬಿಳಿ ತಲೆಪಾಗು ಸುತ್ತಿಕೊಂಡು ಗೋಡೆಯಾಚೆ ನಿಂತಿದ್ದರು. ಮಣ್ಣು ಮುಚ್ಚಿದ ಮೇಲೆ, ಅವತ್ತು ಅಣ್ಣನ ತಲೆಯ ಬಳಿ ನಿಂತು ಪಾಪ ಹೇಳಿದ್ದ ಮುದುಕ ಒಳಗೆ ಬಂದು ಸಭೆಯ ಅದೇ ಹಿರಿಯರನ್ನು ಕೇಳಿದ: "ಒಳ್ಳೆದೆಲ್ಲ ಹೇಳಿ ಆತು. ಇವನ ಪಾಪವ ಯಾರು ಹೇಳೋದು?"

"ನಮ್ಮಲ್ಲಿ ಅದಿಲ್ಲ" ಎಂದರು ಹಿರಿಯರು, ಒರಟಾಗಿ. ಮುದುಕ ಅಲುಗಲಿಲ್ಲ. ಹಿರಿಯರು ಹಸಿ ಮಣ್ಣನ್ನೇ ನೋಡುತ್ತ ನಿಂತರು. ಕಡೆಗೆ, ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯಿಲ್ಲದೆ ಅಂದರು: "ಮಾತೇ ಪ್ರಾಣ ಆಗಿದ್ದವರ ಬಾಯಿ ಕಟ್ಟಿದೆ ನಾನು."

"ಪಾಪ" ಎಂದ ಮುದುಕ. ಗೋಡೆಯಾಚೆಯಿಂದ ಹಟ್ಟಿಯವರೆಲ್ಲ ಒಂದೇ ದನಿಯಲ್ಲಿ "ಪಾಪ" ಎಂದರು.

ಹಿರಿಯರು ಆ ಹಸಿ ಮಣ್ಣಿನ ಬಳಿಯೇ ಕೂತುಬಿಟ್ಟರು. ಅವರು ಹಗುರಾದರೋ ಏನೋ, ನಾನರಿಯೆ. ನನಗಂತೂ ಸಮಾಧಾನವಾಗಲಿಲ್ಲ. ಆ ಒಂದು ಮಾತನ್ನು ಯಾವುದಾದರೂ ಒಂದು ಭಾನುವಾರ, ಸಾರ್ ಕಿವಿಗೆ ಬೀಳುವ ಹಾಗೆ ಹೇಳಿದ್ದರೆ ಅವರು ಎದ್ದು ಹೋಗಿ ಪ್ರಸಂಗ ಮಾಡುತ್ತಿದ್ದರು.