ಬೀದಿಯ ಅಂಚುಗಳನ್ನು ಕಾಯುವ ಬನಶಂಕರಮ್ಮ

ಹಿಂದೂಪುರದ ನೇಕಾರರ ಬೀದಿಯಲ್ಲಿ ಇನ್ನೂ ಮಬ್ಬುಗತ್ತಲು. ಬನಶಂಕರಮ್ಮ ತೊಲೆಗೆ ನೇತುಹಾಕಿದ ರಟ್ಟಿನ ಸರವೊಂದನ್ನು ಕೋಲಿನಿಂದ ಇಳಿಸಿ, ಒಂದೊಂದನ್ನೂ ಬೆರಳಲ್ಲಿ ಬಗ್ಗಿಸಿ ನೋಡುತ್ತಿದ್ದಾರೆ. ತೇವ ಕುಡಿದದ್ದು ಒಲೆಯ ಹತ್ತಿರ ಹೋಗುತ್ತದೆ, ಇಲಿ ಕಡಿದದ್ದು ಬೇರೆಯಾಗಿ ಕೂರುತ್ತದೆ. ಕಾಫಿ ಆಮೇಲೆ.

ಜಕಾರ್ಡ್ ಮಗ್ಗಕ್ಕೆ ಸೀರೆಯ ಅಂಚಿನ ಚಿತ್ತಾರ ಹೇಳಿಕೊಡುವುದು ತೂತು ಕೊರೆದ ಈ ರಟ್ಟುಗಳೇ. ಇಲ್ಲಿಯವರ ಬಾಯಲ್ಲಿ ಅಟ್ಟೆ. ಮೊದಲು ಇವೆಲ್ಲ ಸಾಹುಕಾರರೊಬ್ಬರ ಗೋಡೌನಿನಲ್ಲಿದ್ದವು. ಕೊರೆದವರು ನೇಕಾರರು, ಬೀಗದ ಕೈ ಸಾಹುಕಾರರದು. ಎಂಬತ್ತಮೂರನೇ ಇಸವಿಯ ದೀಪಾವಳಿಗೆ ಮುಂಚೆ ಅವರು ಮುನಿಸಿಕೊಂಡು ಬೀಗ ತೆರೆಯಲಿಲ್ಲ. ತಮ್ಮದೇ ಹಂಸದಂಚು ನೇಯಲಾಗದೆ ಬೀದಿಗೆ ಬೀದಿಯೇ ಕೈಕಟ್ಟಿ ಕೂತಿತು. ಅವರ ಬಾಗಿಲಲ್ಲಿ ನಿಂತು ಕೇಳಿಕೊಂಡ ಮೇಲೆ ಕೊನೆಗೆ ಅಟ್ಟೆಗಳು ವಾಪಸು ಬಂದಾಗ ಇಡಲು ಯಾರ ಮನೆಯಲ್ಲೂ ಜಾಗವಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಬನಶಂಕರಮ್ಮ ತಮ್ಮ ಮಗ್ಗವನ್ನೇ ಬಿಚ್ಚಿ ಜಾಗ ಮಾಡಿಕೊಟ್ಟರು. ಈಗ ಅಕ್ಕನ ಮನೆಯಲ್ಲಿ ಕೂಲಿಗೆ ನೇಯುತ್ತಾರೆ. ನನಗಂತೂ ಇಂಥ ಧೈರ್ಯ ಬರುತ್ತಿರಲಿಲ್ಲ.

"ಯಾರು ಬೇಕಾದ್ರೂ ತಗಂಡೋಗ್ಲಿ, ನೇಯ್ದು ತಂದಿಡ್ಲಿ. ಹೊಸ ಅಂಚು ಕೊರೆದಿದ್ರೆ ಅದ್ನೂ ತಂದಿಡ್ಲಿ. ಅಷ್ಟೇ ಕಣಪ್ಪ," ಎನ್ನುತ್ತಾರೆ.

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಒಮ್ಮೆ ಆಂಜನಪ್ಪ ಎಂಬ ನೇಕಾರರು, ಹಂಸದ ಕಾಲು ದಪ್ಪವಾಯಿತೆಂದು ಕೆಲವು ತೂತುಗಳಿಗೆ ಕಾಗದ ಅಂಟಿಸಿ, ಯಾರಿಗೂ ಹೇಳದೆ ತಂದಿಟ್ಟರು. ಆಮೇಲೆ ಆ ಅಟ್ಟೆ ಒಯ್ದವರ ಸೀರೆಗಳಲ್ಲೆಲ್ಲ ಕಾಲಿಲ್ಲದ ಹಂಸಗಳು. ಬೀದಿಯಲ್ಲಿ ಜಗಳವೋ ಜಗಳ. "ಸಂದಾಕಿರ್ಲಿ ಅಂತ ಮಾಡ್ದೆ, ಕೆಟ್ಟೋಯ್ತು," ಎಂದು ಆಂಜನಪ್ಪ ಇಂದಿಗೂ ತಲೆ ಕೆರೆದುಕೊಳ್ಳುತ್ತಾರೆ. ಅಂದಿನಿಂದ ಬನಶಂಕರಮ್ಮನ ಕಟ್ಟಪ್ಪಣೆ: ತಿದ್ದುವವರು ಬೇರೆ ಅಟ್ಟೆ ಕೊರೆದು ಕೆಂಪು ದಾರದಲ್ಲಿ ಪೋಣಿಸಬೇಕು, ಮೂಲಕ್ಕೆ ಕೈ ಹಚ್ಚುವಂತಿಲ್ಲ. ಆಂಜನಪ್ಪನ ತೆಳುಗಾಲಿನ ಹಂಸವೂ ಈಗ ಕೆಂಪು ದಾರದಲ್ಲಿ ತೂಗುತ್ತಿದೆ. ಕೇಳಿ ಒಯ್ಯುವವರೂ ಇದ್ದಾರೆ.

ಈ ವರ್ಷ ಬನಶಂಕರಮ್ಮನ ಮನೆಯ ಮಣ್ಣಿನ ಮಾಳಿಗೆ ಸೋರುತ್ತಿದೆ. ಅಟ್ಟೆ ನೆಂದು ಉಬ್ಬಿದರೆ ಮಗ್ಗದ ಮೇಲೆ ಕೂರುವುದೇ ಇಲ್ಲ. ಅದೇ ಸಾಹುಕಾರರು ಈಗ ಹೇಳಿಕಳಿಸಿದ್ದಾರೆ: ಗೋಡೌನಿಗೆ ಸಿಮೆಂಟಿನ ತಾರಸಿ ಇದೆ, ಕಬ್ಬಿಣದ ಬೀರು ಇದೆ, ಬಾಡಿಗೆ ಬೇಡ. ಬೀದಿಯ ಅರ್ಧ ಜನ ಒಪ್ಪಿಯೂ ಆಗಿದೆ.

"ಮಳೆ ಬಂದ್ರೆ ಎದೆ ಡವಡವ ಅಂತದೆ, ಸುಳ್ಯಾಕೆ ಹೇಳ್ಲಿ. ಆದ್ರೆ ನಮ್ಮ ಅಂಚು ಕೇಳಾಕೆ ಒಂದ್ಸಲ ಇನ್ನೊಬ್ರ ಬಾಗ್ಲಾಗೆ ನಿಂತಿದ್ದೀನಿ. ಮತ್ತೆ ನಿಲ್ಲಾಕಾಗಲ್ಲ," ಎನ್ನುತ್ತಾರೆ ಬನಶಂಕರಮ್ಮ.

ಮನೆಯಲ್ಲಿ ಸೋರದಿರುವುದು ಅವರು ಮಲಗುತ್ತಿದ್ದ ಮೂಲೆಯೊಂದೇ. ಅಟ್ಟೆಗಳೆಲ್ಲ ಈಗ ಅಲ್ಲಿಗೆ ಬಂದಿವೆ, ಅವರ ಚಾಪೆ ಸೋರುವ ಕಡೆಗೆ ಹೋಗಿದೆ. ನೀವು ನೆನೆಯುವುದಿಲ್ಲವೇ ಎಂದು ಕೇಳುತ್ತೇನೆ.

"ನಾನು ನೆಂದ್ರೆ ಸೀರೆ ಬದ್ಲಾಯಿಸ್ಕಂತೀನಿ ಕಣಪ್ಪ. ಅವು ನೆಂದ್ರೆ ಬೀದಿ ಮಗ್ಗವೆಲ್ಲ ನಿಂತೋಯ್ತವೆ."