ಜಾಲಿ ಹೂವಿನ ಕಾಲದಲ್ಲಿ ಒಂಟಿ ಸೀನು

ನನ್ನ ಮೂಗಿನ ಮೇಲೆ ನನಗೇ ಅಧಿಕಾರವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿವರಾತ್ರಿ ಕಳೆದು ರಾಯಚೂರಿನ ಬಿಸಿಲು ಬಲಿತು, ರಸ್ತೆಯ ಬದಿಯ ಬಳ್ಳಾರಿ ಜಾಲಿ ಹಳದಿ ಹೂಗೊಂಚಲು ಬಿಟ್ಟಿತೆಂದರೆ ಅದು ಗಾಳಿಯ ವಶವಾಗುತ್ತದೆ. ಬೇರೆಯವರು ಮೂರು ಸಲ ಸೀನುತ್ತಾರೆ, ಕೆಲವರು ಹತ್ತು ಸಲ. ನಾನು ಸೀನುವುದು ಒಂದೇ ಒಂದು. ಅದು ಬಂತೆಂದರೆ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರುತ್ತವೆ. ಆಮೇಲೆ ಅರ್ಧ ತಾಸು ಏನೂ ಇಲ್ಲ.

ನಮ್ಮ ಕಡೆ ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ. ಹೊರಟವರು ನಿಂತು, ನೀರು ಕುಡಿದು, ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿಕೊಂಡು ಹೊರಡುತ್ತಾರೆ. ಇತಿಹಾಸ ಕಲಿಸುವ ಮಾಸ್ತರನಾದ ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ನಾನು ನಂಬದಿದ್ದರೇನು, ಗಂಡಿನ ಕಡೆಯವರು ನಂಬುತ್ತಾರಲ್ಲ!

ಎರಡು ವರ್ಷದ ಹಿಂದೆ ಮಾನ್ವಿಯ ಹುಡುಗನೊಂದಿಗೆ ಅಕ್ಕನ ಮಗಳು ಸುಮಾಳ ಮದುವೆಯ ಮಾತುಕತೆ ನಡೆದಿತ್ತು. ನಮ್ಮ ಮನೆತನದಲ್ಲಿ ಸಕ್ಕರೆ ಹಂಚುವ ಮೊದಲು ಸೋದರಮಾವ ಎಲೆ ಅಡಿಕೆ ಹಿಡಿದು, “ಹುಡುಗಿ ನಿಮ್ಮಕಿ ಆದ್ಲು” ಎಂದು ಮೂರು ಸಲ ಹೇಳಬೇಕು. ಎರಡು ಸಲ ಹೇಳಿದೆ. ಮೂರನೆಯ ಸಲ ಬಾಯಿ ತೆರೆದಾಗ ಬಂದದ್ದು ಸೀನು. ಒಂದೇ. ಗಂಡಿನ ಕಡೆಯ ಹಿರಿಯರು ಮುಖ ಮುಖ ನೋಡಿಕೊಂಡು, “ಊರಿಗಿ ಹೋಗಿ ತಿಳಸ್ತೀವ್ರಿ” ಎಂದು ಎದ್ದರು. ಇವತ್ತಿಗೂ ತಿಳಿಸಿಲ್ಲ. ಅಕ್ಕ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ನಾನು ಹೋದಾಗ ಚಹಾ ಮಾತ್ರ ತಂದಿಡುತ್ತಿದ್ದಳು, ಸಕ್ಕರೆ ಇಲ್ಲದ್ದು.

ಈ ವರ್ಷ ದೇವದುರ್ಗದ ಸಂಬಂಧ ಬಂತು. ಬಂತು ಎನ್ನುವುದು ನಮ್ಮ ಮರ್ಯಾದೆಯ ಮಾತು. ರಾಯಚೂರಿನಲ್ಲಿ ನರ್ಸ್ ಆಗಿರುವ ಸುಮಾ ತಾನೇ ಮೆಚ್ಚಿದ ಹುಡುಗ. ಹುಡುಗನ ಮನೆಯಲ್ಲಿ ಅವನ ಅಜ್ಜಿಯ ಮಾತೇ ಕೊನೆಯ ಮಾತಂತೆ. ಹಿಂದೆ ಬೆಕ್ಕು ಅಡ್ಡ ಬಂತೆಂದು ಒಂದು ಸಂಬಂಧವನ್ನೇ ವಾಪಸು ಕಳಿಸಿದ್ದರಂತೆ. ಸುಮಾ ನನ್ನನ್ನು ಬಾಗಿಲ ಬಳಿ ಹಿಡಿದು ನಿಲ್ಲಿಸಿದಳು.

“ಮಾಮಾ, ಮಾನ್ವಿದು ಹೋದ್ರ ಹೋಗ್ಲಿ, ಆ ಹುಡುಗನ ಮುಖಾನೂ ನೆನಪಿಲ್ಲ. ಈತ ಬ್ಯಾರೆ. ಈ ಸಲ ಏನರ ಮಾಡು, ಸೀನಬ್ಯಾಡ.”

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಹೆದರಿಕೆ ಹೊಕ್ಕಿತು.

ಮಾತ್ರೆ ನುಂಗಬಹುದಿತ್ತಲ್ಲ ಎನ್ನುತ್ತೀರಿ. ಮಾತ್ರೆಗೆ ಸೀನು ನಿಲ್ಲುತ್ತದೆ, ಜೊತೆಗೆ ನಾನು ಕುಳಿತಲ್ಲೇ ಗೊರಕೆ ಹೊಡೆಯುತ್ತೇನೆ. ಮಾಸ್ಕ್ ಹಾಕಿಕೊಂಡು ಹೋದರೆ ಹುಡುಗಿಯ ಮನೆತನಕ್ಕೆ ಏನೋ ರೋಗವಿದೆ ಎಂದಾರು. ಕೊನೆಗೆ ನಮ್ಮ ಶಾಲೆಯ ವಿಜ್ಞಾನ ಮಾಸ್ತರ ಖಾಜಾಸಾಬರ ಕಾಲು ಹಿಡಿದೆ.

“ದೇಖೋ ಮಾಸ್ತರ್,” ಎಂದರು ಅವರು, “ಮುಂಜಾನಿ ತಂಪಿನಾಗ ಪರಾಗದ ಚೀಲ ಬಾಯಿ ಬಿಡಂಗಿಲ್ಲ. ಬಿಸಿಲೇರಿ, ಹಸಿ ಆರಿ, ಒಣಗಾಳಿ ಬಿಟ್ಟಮ್ಯಾಲ ಅವು ಒಡಿತಾವ. ಗಾಳಿ ಹೊತ್ಕೊಂಡು ಊರು ಸುತ್ತಿಸ್ತದ. ಮಳಿ ಬಂದ್ರ ಎಲ್ಲಾ ತೊಳೆದು ನೆಲಕ್ಕ ಬೀಳ್ತದ. ಆದ್ರ...”

ಗಂಟೆ ಹೊಡೆಯಿತು. ಅವರು ಎಂಟನೆಯ ತರಗತಿಗೆ, ನಾನು ಒಂಬತ್ತಕ್ಕೆ. ಆ “ಆದ್ರ” ಅಲ್ಲೇ ಉಳಿಯಿತು. ಮಕ್ಕಳು ಅರ್ಧ ಪಾಠ ಓದಿ ಪರೀಕ್ಷೆಗೆ ಬಂದರೆ ಬೆತ್ತ ತೋರಿಸುವವನು ನಾನು. ಅರ್ಧ ಪಾಠದ ಮೇಲೆಯೇ ಮುಹೂರ್ತ ಇಟ್ಟೆ. ಬೆಳಿಗ್ಗೆ ಏಳಕ್ಕೇ ಸಕ್ಕರೆ ಶಾಸ್ತ್ರ ಆಗಬೇಕು, ಹನ್ನೊಂದಕ್ಕೆ ನನಗೆ ಶಾಲೆಯ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಗಂಡಿನ ಕಡೆಯವರು ಪಂಚಾಂಗ ತೆಗೆಸಿದರು. ಏಳು ಗಂಟೆ ಬಹಳ ಪ್ರಶಸ್ತವೆಂದು ಬಂತಂತೆ. ಪಂಚಾಂಗವನ್ನು ಆಡಿಕೊಳ್ಳುತ್ತ ಬಂದವನಿಗೆ ಅದೇ ಕೈಹಿಡಿಯಿತು.

ಬೆಳಗಿನ ಜಾವ ಕ್ರೂಸರ್ ಗಾಡಿಯಲ್ಲಿ ಹೊರಟೆವು. ದೇವದುರ್ಗ ಇನ್ನೇನು ಬಂತು ಎನ್ನುವಾಗ ಆಕಾಶ ಕಪ್ಪಿಟ್ಟಿತು. ಗಾಳಿ ಎದ್ದಿತು, ರಸ್ತೆಯ ಎರಡೂ ಕಡೆಯ ಜಾಲಿ ನೆಲಕ್ಕೆ ಬಾಗಿ ಎದ್ದವು, ಗುಡುಗಿ ನಾಲ್ಕು ದೊಡ್ಡ ಹನಿಯ ಅಕಾಲ ಮಳೆ ಹೊಡೆದು ನಿಂತಿತು. ಅಕ್ಕ ಅಪಶಕುನವೇನೋ ಎಂದು ಗಾಬರಿಯಾದಳು. ನಾನು ಒಳಗೊಳಗೇ ಕುಣಿದೆ. ಪರಾಗವೆಲ್ಲ ತೊಳೆದುಹೋಯಿತು!

ಹುಡುಗನ ಮನೆಯ ಅಂಗಳಕ್ಕೆ ಕಾಲಿಟ್ಟಾಗಲೇ ಮೂಗಿನ ಬುಡದಲ್ಲಿ ಸಣ್ಣಗೆ ತುರಿಸಿತು. ಬೇಲಿಗೆಲ್ಲ ಜಾಲಿ, ಕೊಂಬೆ ಕೊಂಬೆಗೂ ಹೂವು. ಪಡಸಾಲೆಯಲ್ಲಿ ಅಜ್ಜಿ ಕುಳಿತಿದ್ದರು. ನಮ್ಮನ್ನು ನೋಡಿದ ಕೂಡಲೇ ಸೆರಗನ್ನು ಮೂಗಿಗೆ ಒತ್ತಿ ಹಿಡಿದವರು ತೆಗೆಯಲೇ ಇಲ್ಲ. “ಬರ್ರಿ” ಎಂದದ್ದೂ ಸೆರಗಿನೊಳಗಿಂದಲೇ. ನಾವು ಅವರಿಗೆ ಹಿಡಿಸಿಲ್ಲವೆಂದು ನನಗೆ ಖಾತ್ರಿಯಾಯಿತು. ಅಕ್ಕನ ಮುಖ ಸಣ್ಣದಾಯಿತು. ಒಳಗಿನ ಬಾಗಿಲಲ್ಲಿ ನಿಂತ ಸುಮಾ ನನ್ನ ಮೂಗನ್ನೇ ನೋಡುತ್ತಿದ್ದಳು.

ಎಲೆ ಅಡಿಕೆ ಕೈಗೆ ಬಂತು.

“ಹುಡುಗಿ ನಿಮ್ಮಕಿ ಆದ್ಲು.” ಒಂದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದೆ. “ಹುಡುಗಿ ನಿಮ್ಮಕಿ ಆದ್ಲು.” ಎರಡು. ಕಣ್ಣಲ್ಲಿ ನೀರು ತುಂಬಿತು. ಮಾವನಿಗೆ ದುಃಖ ಉಕ್ಕಿದೆ ಎಂದು ಯಾರೋ ಮರುಗಿದರು. ಉಸಿರು ಬಿಗಿ ಹಿಡಿದು ನೆಲ ನೋಡಿದೆ, ದೇವರನ್ನೂ ನೆನೆದೆ. ಮೂರನೆಯದಕ್ಕೆ ಬಾಯಿ ತೆರೆಯಲೇಬೇಕಲ್ಲ. ತೆರೆದೆ.

ಸೀನು ಬಂತು. ತಟ್ಟೆಯಲ್ಲಿದ್ದ ಸಕ್ಕರೆ ಹಾರಿತು.

ಎಲ್ಲರೂ ಎರಡನೆಯದಕ್ಕೆ ಕಾದರು. ನಾನೂ ಕಾದೆ. ಜೀವಮಾನದಲ್ಲಿ ಬಾರದ್ದು ಈಗಲಾದರೂ ಬರಲೆಂದು ಮೋಡದ ಸಂದಿಯ ಬಿಸಿಲು ನೋಡಿದೆ, ಮೂಗು ಉಜ್ಜಿದೆ. ಬರಲಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಏಳಲು ನೆಲಕ್ಕೆ ಕೈ ಊರಿದರು. ಸುಮಾ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ನನ್ನ ಮೇಲೆಯೇ ನನಗೆ ಅಸಹ್ಯವಾಯಿತು.

ಆಗ ಪಡಸಾಲೆಯ ಇನ್ನೊಂದು ತುದಿಯಿಂದ, ಸೆರಗನ್ನು ಸೀಳಿಕೊಂಡು ಬಂದಂತೆ, ಇನ್ನೊಂದು ಸೀನು ಬಂತು. ಅಜ್ಜಿಯದು!

ಅವರು ಸೆರಗು ತೆಗೆದರು. ಮೂಗು ನನ್ನದರಷ್ಟೇ ಕೆಂಪಾಗಿತ್ತು.

“ಯಪ್ಪಾ, ನೀವು ಬಂದಾಗಿಂದ ತಡಕೊಂಡು ಕುಂತೀನಿ,” ಎಂದರು. “ಈ ಹೂವಿನ ಕಾಲದಾಗ ನಂದು ಇದಾ ಹಾಡು. ನನ್ನ ಸೀನಿಂದ ಮೊಮ್ಮಗನ ಮಾತು ಮುರೀತದಂತ ಜೀವ ಹೋಗಾಕತ್ತಿತ್ತು.”

ರುಮಾಲಿನ ಹಿರಿಯರು ಇನ್ನೂ ಅರ್ಧ ಎದ್ದೇ ಇದ್ದರು. ಅಜ್ಜಿ ಅವರತ್ತ ತಿರುಗಿದರು. “ಕುಂದರಪ್ಪಾ. ಅವರ ಮನಿದೊಂದು, ನಮ್ಮ ಮನಿದೊಂದು. ಜೋಡಿ ಆತಿಲ್ಲೋ? ಇದಕ್ಕಿಂತ ಛಲೋ ಶಕುನ ಎಲ್ಲದ?” ನನಗೆ ಹೇಳಿದರು, “ಮಾಸ್ತರ, ಮೂರನೇದ್ದು ಹೇಳು, ಮತ್ತ ಬರೂದ್ರಾಗ.”

ಹೇಳಿದೆ. ಒಂದೇ ಉಸಿರಿಗೆ. ಅಕ್ಕ ನನ್ನ ಬಾಯಿಗೆ ಹಿಡಿ ತುಂಬ ಸಕ್ಕರೆ ಹಾಕಿದಳು, ಎರಡು ವರ್ಷದ ಬಾಕಿಯೆಲ್ಲ ಸೇರಿಸಿ.

ಮರುದಿನ ಖಾಜಾಸಾಬರು ಹಣೆ ಬಡಿದುಕೊಂಡರು. ಅವರ “ಆದ್ರ” ಇಷ್ಟಿತ್ತು: ಗುಡುಗು ಗಾಳಿಯ ಮಳೆಯಾದರೆ ಲೆಕ್ಕ ಬೇರೆ, ಪರಾಗದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಇನ್ನೂ ನುಣುಪಾದ ಪುಡಿಯಾಗಿ ಹಬ್ಬುತ್ತವೆ. ಅಂದರೆ ನಾನು ವರ್ಷದಲ್ಲೇ ಅತಿ ಕೆಟ್ಟ ಗಳಿಗೆಯನ್ನು ಹುಡುಕಿ ಆರಿಸಿದ್ದೆ. ಆ “ಆದ್ರ” ಕೇಳಿಸಿಕೊಂಡಿದ್ದರೆ ಗುಡುಗು ಕೇಳಿದ ಕೂಡಲೇ ಏನೋ ನೆಪ ಹೇಳಿ ಶಾಸ್ತ್ರ ಮುಂದೂಡಿಸುತ್ತಿದ್ದೆ, ನಾನು ಸೀನುತ್ತಿರಲಿಲ್ಲ, ಅಜ್ಜಿಯೂ ಸೀನುತ್ತಿರಲಿಲ್ಲ, ಒಬ್ಬರಿಗೊಬ್ಬರು ಹೆದರಿಕೊಂಡೇ ಬೀಗರಾಗುತ್ತಿದ್ದೆವು.

ಇನ್ನು ಸಕ್ಕರೆ ಶಾಸ್ತ್ರದ ದಿನವೇ, ಹನ್ನೊಂದರ ಸುಳ್ಳು ಮರೆತು ಅಲ್ಲೇ ಊಟಕ್ಕೆ ಕುಳಿತಾಗ, ನನ್ನ ಮಾಸ್ತರಿಕೆ ಸುಮ್ಮನಿರಲಿಲ್ಲ. ಅಜ್ಜಿಗೆ ಪರಾಗದ ಪಾಠ ಹೇಳಿದೆ. ಒಂದು ಗಿಡದ ಧೂಳು ಗಾಳಿಯಲ್ಲೋ ಜೇನಿನ ಕಾಲಲ್ಲೋ ಹೋಗಿ ಇನ್ನೊಂದು ಗಿಡದ ಹೂವನ್ನು ಮುಟ್ಟಬೇಕು, ಆಗಲೇ ಕಾಯಿ. ಅದು ಗಿಡಗಳ ಲಗ್ನ, ದಾರಿ ತಪ್ಪಿದ ದಿಬ್ಬಣವೇ ನಮ್ಮ ಮೂಗಿಗೆ ನುಗ್ಗುತ್ತದೆ ಎಂದೆ. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಅಷ್ಟರಲ್ಲಿ ರುಮಾಲಿನ ಹಿರಿಯರು ಪಂಚಾಂಗ ಬಿಚ್ಚಿ, ಮದುವೆಯನ್ನು ಮುಂದಿನ ವಾರವೇ ಇಡೋಣವೇ ಎಂದರು.

ಅಜ್ಜಿಯೂ ನಾನೂ ಒಟ್ಟಿಗೇ ಬೇಲಿಯ ಕಡೆ ನೋಡಿದೆವು.

“ತಡೀರಿ,” ಎಂದರು ಅಜ್ಜಿ. “ಮೊದ್ಲು ಗಿಡದ ಲಗ್ನ ಮುಗೀಲಿ. ಆಮ್ಯಾಲ ನಮ್ಮ ಹುಡುಗರದು.”